ಇಲ್ಲವೆಂದವರ ದಿಬ್ಬಣ

ಗದಗ, ಕ್ರಿ.ಶ. ೨೧೯೧, ಹಿಂಗಾರಿ ಬಿತ್ತನೆಯ ವಾರ

ಕೆಲಸ ಹುಡುಕುತ್ತಿರುವ ವಿದ್ಯಾರ್ಥಿಗಳೇ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನೀವು ಇದನ್ನು ಓದುವ ಹೊತ್ತಿಗೆ ನಾನಿನ್ನೂ ಹುಟ್ಟಿಲ್ಲ. ನಾನು ಬರೆಯುವ ಹೊತ್ತಿಗೆ ನಿಮ್ಮ ಚಿಂತೆಗಳೆಲ್ಲ ಮುಗಿದು ಬಹಳ ಕಾಲವಾಗಿದೆ. ನಮ್ಮ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮವೂ ನಮಗೆ ಹಾಗೆಯೇ. 'ಆಮೇಲೆ ತಿಳಿಸುತ್ತೇವೆ' ಎಂಬುದು ನಮ್ಮಲ್ಲಿ ಬೈಗುಳ. ಜಗಳದಲ್ಲಿ ಮಕ್ಕಳ ಬಾಯಿಂದ ಬಂದರೆ ತಾಯಂದಿರು ಗದರಿಸುತ್ತಾರೆ.

ನನಗೆ ನಲವತ್ತೆಂಟು. ಎರಡನೆಯ ಸಲ ಸ್ನಾತಕೋತ್ತರ ಓದುತ್ತಿದ್ದೇನೆ. ತಲೆ ನರೆತವರು ವಿಶ್ವವಿದ್ಯಾಲಯಕ್ಕೆ ಮರಳುವುದು ಇಲ್ಲಿ ಸಾಮಾನ್ಯ. ಜೊತೆಗೆ ಊರಿನ ಓದುಮನೆ ನೋಡಿಕೊಳ್ಳುತ್ತೇನೆ. ಕಣ್ಣು ಮಂಜಾದವರಿಗೆ ಅಲ್ಲಿ ದಿನವೂ ಕವಿತೆ ಓದಿ ಹೇಳುತ್ತೇವೆ. ವಿದ್ಯಾರ್ಥಿಗಳಿಗೆ ಕೆಲಸದ ದಾರಿ ತೋರಿಸಲು ವಿಶ್ವವಿದ್ಯಾಲಯದಲ್ಲಿ ದಾರಿಮನೆ ಎಂಬುದಿದೆ. ಅದರ ಕಟ್ಟಳೆ ಒಂದೇ, ಊರಿನವರೆಲ್ಲ ಪಾಲಿಸುತ್ತಾರೆ. ಕೆಲಸ ಕೇಳಿ ಬಂದವರಿಗೆ ಇಲ್ಲವೆನ್ನಬಹುದು, ಆದರೆ ಇಲ್ಲವೆಂದವರು ಕಾರಣ ಹೇಳಿ, ಅವರ ಜೊತೆ ಮುಂದಿನ ಬಾಗಿಲಿನವರೆಗೆ ನಡೆಯಬೇಕು. ಅಲ್ಲೂ ಆಗದಿದ್ದರೆ ಅದರ ಮುಂದಿನದಕ್ಕೂ. ಇದನ್ನು ಜೊತೆನಡಿಗೆ ಎನ್ನುತ್ತೇವೆ.

ಕಳೆದ ವಾರ ಶಾಹೀನ್ ಎಂಬ ಹುಡುಗಿ ಕೆಲಸ ಕೇಳಿ ಓದುಮನೆಗೆ ಬಂದಳು. ಧ್ವನಿವಿಜ್ಞಾನ ಓದಿದವಳು. ಹಾಸ್ಟೆಲ್ ಕೋಣೆ ಬಿಡುವ ದಿನ ಹತ್ತಿರವಾಗಿತ್ತು. ಕೆಲಸವಿಲ್ಲದೆ ಅವಳು ಈ ಊರಲ್ಲಿ ಉಳಿಯುವಂತಿರಲಿಲ್ಲ. ಮಳೆಹನಿ ಬಿದ್ದೊಡನೆ ಒಣಬಟ್ಟೆ ಎಳೆದುಕೊಳ್ಳುವವರ ಹಾಗೆ ಅವಸರದಲ್ಲಿ ಕವಿತೆ ಓದಿ ತೋರಿಸಿದಳು. ಆಗದು ಎಂದೆ, ಕಾರಣ ಹೇಳಿದೆ, ಚಪ್ಪಲಿ ಮೆಟ್ಟಿದೆ.

ಗಾಳಿಯಂತ್ರಗಳ ಮೇಲ್ವಿಚಾರಕ ಚನ್ನವೀರಪ್ಪನವರು, "ಎತ್ತರ ಏರಿದ್ರ ಇಕಿ ಕಣ್ಣ ಮುಚ್ಚತಾಳ" ಎಂದು ಬೇಡವೆಂದರು; ಗೊಣಗುತ್ತ ಜೊತೆಗೆ ಬಂದರು. ಬೀಜದ ಉಗ್ರಾಣದ ಈರವ್ವನವರೂ ಬೇಡವೆಂದರು. "ಮೊಣಕಾಲ ನೋವಿದ್ದಾಗ ಯಾರಿಗೂ ಇಲ್ಲ ಅನಬಾರದು ನೋಡ್ರಿ" ಎನ್ನುತ್ತ ಕೋಲು ಹಿಡಿದರು.

ನಡೆಯುವಾಗ ಶಾಹೀನ್ ಸದ್ದಿಲ್ಲದೆ ಈರವ್ವನವರ ಎಡದಿಂದ ಬಲಕ್ಕೆ ಬಂದಳು. ಮಾತನ್ನೂ ನಿಧಾನಿಸಿದಳು. ಸ್ವಲ್ಪ ದೂರ ಹೋದ ಮೇಲೆ ಈರವ್ವನವರು ಗಕ್ಕನೆ ನಿಂತರು.

"ನನ್ನ ಎಡಗಿವಿ ಮಂದ ಅಂತ ನಿನಗ ಯಾರ ಹೇಳಿದ್ರು? ನನ್ನ ಮಗನಿಗೂ ಗೊತ್ತಿಲ್ಲ."

"ಯಾರೂ ಹೇಳಿಲ್ಲ ಆಯಿ. ನೀವು ಗೋಣು ತಿರುಗಸೂದು ನೋಡಿದೆ."

ಈರವ್ವನವರ ಕೋಲು ಆಸ್ಪತ್ರೆಯ ಕಡೆ ತಿರುಗಿತು. ಎಳೆಮಕ್ಕಳ ಕಿವಿ ಪರೀಕ್ಷಿಸುವ ವಿಭಾಗ ಅಲ್ಲಿದೆ. ಆ ಬಾಗಿಲು ಶಾಹೀನಳಿಗಾಗಲಿ ನನಗಾಗಲಿ ಹೊಳೆದಿರಲಿಲ್ಲ.

ನಮ್ಮನ್ನು ಕಂಡು ವೈದ್ಯೆ ಈರವ್ವನವರತ್ತ ತಿರುಗಿ ನಕ್ಕರು. "ಇದೇನವ್ವ, ದಿಬ್ಬಣ ತಂದೀಯಲ್ಲ! ಇಷ್ಟ ಮಂದಿ ಬ್ಯಾಡಂದ ಹುಡುಗಿ ನನಗ್ಯಾಕ?"

ಚನ್ನವೀರಪ್ಪನವರಿಗೆ ಸಿಟ್ಟು ಬಂತು. "ಬ್ಯಾಡಂದವರು ನಾವ. ಮುಂಜಾನಿಂದ ಇಕಿ ಜೋಡಿ ನಡದವರೂ ನಾವ. ನಮಗಿಂತ ಇಕಿನ್ನ ಯಾರ ಬಲ್ಲರು? ಸುಮ್ಮನ ಕರಕೊಳ್ರಿ."

ಈಗ ಶಾಹೀನ್ ಅಲ್ಲಿ ಕೂಸುಗಳ ಬೆನ್ನ ಹಿಂದೆ ಗಿಲಕಿ ಅಲುಗಿಸುತ್ತ, ಯಾವ ಕೂಸು ತಿರುಗುತ್ತದೆಂದು ನೋಡುತ್ತಾಳೆ.

ಈ ಕಟ್ಟಳೆ ಯಾವ ಸರ್ಕಾರದ್ದೂ ಅಲ್ಲ. ನಿಮ್ಮ ಕಾಲದಲ್ಲಿ ಯಾರೋ ಒಬ್ಬರು ಮೇಜು ಬಿಟ್ಟು ಎದ್ದರಂತೆ, ಅಲ್ಲಿಂದ ಶುರು. ನಿಮ್ಮ ಜೊತೆ ನಡೆಯುವವರು ಇನ್ನೂ ಇಲ್ಲದಿರಬಹುದು. ಆದರೂ ಇಲ್ಲವೆಂದವರನ್ನು ಕಾರಣ ಕೇಳಿ, ಮುಂದಿನ ಬಾಗಿಲು ಯಾವುದೆಂದೂ ಕೇಳಿ, ನಾಚಬೇಡಿ. ನಿಮಗೆ ಕೆಲಸ ಸಿಗುತ್ತದೆ, ನನಗೆ ಸಂಶಯವಿಲ್ಲ. ಒಂದು ದಿನ ನೀವೂ ಮೇಜಿನ ಆಚೆ ಕೂರುತ್ತೀರಿ. ಆಗ ಇಲ್ಲವೆನ್ನಬೇಕಾದರೆ ಅನ್ನಿ. ಚಪ್ಪಲಿ ಮೆಟ್ಟಿಕೊಂಡು ಅನ್ನಿ.

ನಿಮ್ಮ ದಾರಿಯಲ್ಲಿ ಹಿಂದೆ ಬರುತ್ತಿರುವ,
ಮಹಾನಂದಾ