ಸೋಮವಾರದ ಕೆಂಪು

ಆಂಡರ್ಸನ್‌ಪೇಟೆ
ಗುರುವಾರ, 20-11-2025

ಪ್ರೀತಿಯ ಕಲ್ಪನಕ್ಕನಿಗೆ,

ನಿನ್ನ ತಂಗಿ ಶ್ಯಾಮಲಾಳ ನಮಸ್ಕಾರ. ದೀಪಾವಳಿಗೇ ಬರೆಯಬೇಕಿದ್ದ ಕಾಗದ ಇದು, ಬೈಯಬೇಡ. ಈ ಕಾಲದಲ್ಲಿ ಕಾಗದ ಯಾಕೆ ಅಂತ ನಗಲೂ ಬೇಡ. ಫೋನ್ ಮಾಡಿದರೆ ಪ್ರತಿ ಸಲ ಭಾವನೇ ಎತ್ತುತ್ತಾರೆ, ನೀನು ಕೊಟ್ಟಿಗೆಯಲ್ಲಿದ್ದೀಯ ಅನ್ನುತ್ತಾರೆ. ಎರಡು ಹಸುವಿಗೆ ಅದೆಷ್ಟು ಹೊತ್ತು ಕೊಟ್ಟಿಗೆಯಲ್ಲಿರುತ್ತೀಯೇ? ನಿಮ್ಮ ಡೈರಿಯ ಮುನಿನಾರಾಯಣಮ್ಮ ಇಲ್ಲಿ ಮಗಳ ಮನೆಗೆ ಬಂದಿದ್ದಾರೆ, ನಾಳೆ ಬೆಳಿಗ್ಗೆ ಊರಿಗೆ ವಾಪಸ್ ಹೊರಡುತ್ತಾರೆ, ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ವಿಷಯ ನಿನ್ನ ಮಗಳದ್ದು. ಗಾಬರಿಯಾಗಬೇಡ. ನಮ್ಮ ಸ್ಕೂಲಿಗೆ ಈ ವರ್ಷ ಟ್ಯಾಬ್ ಬಂದಿದೆ. ಯಾವ ಮಗು ತಡವಾಗಿ ಬಂತು, ಯಾರು ಜಗಳವಾಡಿದರು, ಯಾರು ಪಾಠದಲ್ಲಿ ತೂಕಡಿಸಿದರು, ಎಲ್ಲವನ್ನೂ ನಾವು ಟೀಚರ್‌ಗಳು ಅದರಲ್ಲಿ ಒತ್ತಬೇಕು. ಚೆನ್ನಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ತಿಂಗಳಿಗೊಮ್ಮೆ ಕಂಪ್ಯೂಟರ್ ಮೇಷ್ಟ್ರು ಅಂಬರೀಶ್ ಅದನ್ನೆಲ್ಲ ಗೋಡೆಯ ಮೇಲೆ ದೊಡ್ಡದಾಗಿ ತೋರಿಸುತ್ತಾರೆ, ಯಾವ ಮಗುವಿಗೆ ಏನು ಮಾಡಬೇಕು ಅಂತ ಕೂತು ತೀರ್ಮಾನಿಸುತ್ತೇವೆ. ನನಗೆ ಅದರಲ್ಲಿ ನಂಬಿಕೆ ಇದೆ ಅಕ್ಕ. ಬೋರ್ಡು ಕಾಣದೆ ಗಲಾಟೆ ಮಾಡುತ್ತಿದ್ದ ಒಬ್ಬನಿಗೆ ಅದರಿಂದಲೇ ಕನ್ನಡಕ ಬಂತು.

ಲಿಖಿತಳ ಸಾಲು ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ಮಿಕ್ಕ ದಿನವೆಲ್ಲ ಹಸಿರು, ಸೋಮವಾರ ಮಾತ್ರ ಕೆಂಪು. ವಾರವೆಲ್ಲ ನನ್ನ ಮನೆಯಲ್ಲಿರುತ್ತಾಳೆ, ಶನಿವಾರ ಮಧ್ಯಾಹ್ನ ರೈಲು ಹತ್ತಿ ನಿನ್ನ ಹತ್ತಿರ ಬರುತ್ತಾಳೆ, ಸೋಮವಾರ ಬೆಳಿಗ್ಗೆ ಬಂಗಾರಪೇಟೆಯಿಂದ ನೇರ ಸ್ಕೂಲಿಗೆ. ಅವತ್ತು ಬೆಂಚಿನ ಮೇಲೆ ತಲೆ ಇಟ್ಟರೆ ಎತ್ತುವುದಿಲ್ಲ. ಮೊನ್ನೆ ಸೋಮವಾರ ಎಬ್ಬಿಸಿದ ಹುಡುಗಿಯ ಕೆನ್ನೆಗೇ ಬಾರಿಸಿದಳು. ಓಡಾಟದ ಸುಸ್ತು ಅಂದುಕೊಂಡು, ಶನಿವಾರ ಭಾನುವಾರ ಇಲ್ಲೇ ಉಳಿಸಿಕೊಂಡು ಸ್ಪೆಷಲ್ ಕ್ಲಾಸಿಗೆ ಹಾಕೋಣ ಅಂತ ನಾನೇ ಹೇಳಿದೆ. ಹೆಡ್‌ಮಾಸ್ಟರು ಶ್ರೀನಿವಾಸಪ್ಪನವರು ಭಾವನಿಗೆ ಫೋನ್ ಮಾಡಿದರು. "ಒಳ್ಳೇದಾಯ್ತು ಸಾರ್, ಅಲ್ಲೇ ಇಟ್ಕಳ್ಳಿ" ಅಂದರಂತೆ.

ಅದು ಗೊತ್ತಾದಾಗಿನಿಂದ ಲಿಖಿತ ಸರಿಯಾಗಿ ಊಟ ಮಾಡಿಲ್ಲ. ಮುದ್ದೆ ಮುರಿಯುತ್ತಾಳೆ, ಹಾಗೇ ಬಿಡುತ್ತಾಳೆ. ಊರಿಗೆ ಹೋಗಲೇಬೇಕು ಅನ್ನುತ್ತಾಳೆ, ಯಾಕೆ ಅಂದರೆ ಎದ್ದು ಹೋಗುತ್ತಾಳೆ. ಮೊದಲ ಕ್ಲಾಸು ನಾಡಿದ್ದೇ. ಬಲವಂತವಾಗಿ ಕೂರಿಸಿದರೆ ಓದನ್ನೇ ಬಿಟ್ಟುಬಿಡುತ್ತಾಳೇನೋ ಅಂತ ನನಗೆ ಭಯ. ನಿನ್ನ ಮಾತಾದರೆ ಕೇಳುತ್ತಾಳೆ, ಎರಡು ಸಾಲು ಬುದ್ಧಿ ಹೇಳಿ ಬರೆದು ಕಳಿಸು.

ಗಂಗಮ್ಮ ತಾಯಿ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ
ಶ್ಯಾಮಲಾ

ವಿ.ಸೂ.: ಕಾಗದ ಮಡಿಸುತ್ತಿದ್ದೆ. ಲಿಖಿತ ಬಂದು ಪಕ್ಕದಲ್ಲಿ ಕೂತು ಹೇಳಿದಳು: "ನಾನ್ ಅಮ್ಮನ್ ಪಕ್ಕ ಮಲ್ಗಿದ್ರೆ ಅಪ್ಪ ಕೈ ಎತ್ತಲ್ಲ ಚಿಕ್ಕಮ್ಮ. ಅದ್ಕೇ ನಿದ್ದೆ ಮಾಡ್ದೆ ಕಾಯ್ತೀನಿ. ಸೋಮವಾರ ಬಿಟ್ಟು ಬತ್ತೀನಲ್ಲ, ಆಮೇಲೆ ಏನಾಯ್ತದೋ ಅಂತ."

ಭಾವ ಕೊಟ್ಟಿಗೆಯಲ್ಲಿದ್ದಾಳೆ ಅಂದರೆ ನಾನೂ ನಂಬಿದೆನಲ್ಲ ಅಕ್ಕ. ಬುದ್ಧಿ ಗಿದ್ಧಿ ಬರೆದು ಕಳಿಸಬೇಡ. ನಾಳೆಯೇ ಹೆಡ್‌ಮಾಸ್ಟರಿಗೆ ಹೇಳಿ ಸ್ಪೆಷಲ್ ಕ್ಲಾಸಿನಿಂದ ಅವಳ ಹೆಸರು ತೆಗೆಸುತ್ತೇನೆ. ಶನಿವಾರದ ರೈಲಿಗೆ ಅವಳ ಜೊತೆ ನಾನೂ ಬರುತ್ತೇನೆ. ಈ ಕಾಗದ ಒಲೆಗೆ ಹಾಕು. ನಾಲ್ಕು ಬಟ್ಟೆ ಚೀಲಕ್ಕೆ ತುಂಬಿ ಮುನಿನಾರಾಯಣಮ್ಮನ ಮನೆಯಲ್ಲಿ ಇಟ್ಟಿರು.