ದೀಪಾವಳಿಯ ಆಚೆಗೆ ಹೋದ ಮದುವೆ

ಶೇಡಬಾಳ,
೧೪ ಮೇ ೧೯೮೭

ಪ್ರೀತಿಯ ಭೂಪಾಲಣ್ಣಾ,

ಕುವೈತಿನ ಆ ಬಿಸಿಲಿನಲ್ಲಿ ನೀನು, ಕುಸುಮ ವೈನಿ, ಪುಟ್ಟಿ ಎಲ್ಲರೂ ಆರಾಮವಾಗಿದ್ದೀರಾ? ವೈನಿಯ ಬೆನ್ನುನೋವು ಕಡಿಮೆಯಾಯಿತೇ? ಇಲ್ಲಿ ಅಪ್ಪ, ಅವ್ವ ಗಟ್ಟಿಯಾಗಿದ್ದಾರೆ. ಎಷ್ಟು ಗಟ್ಟಿಯೆಂದರೆ, ನನ್ನ ಮದುವೆಯ ವಿಷಯಕ್ಕೆ ದಿನಕ್ಕೆರಡು ಸಲ ಜಗಳವಾಡಿಯೂ ಹೊತ್ತು ಮುಳುಗುವ ಮೊದಲು ಒಟ್ಟಿಗೇ ಕೂತು ಉಣ್ಣುತ್ತಾರೆ.

ಜಗಳಕ್ಕೆ ಕಾರಣ ನೀನೇ ಮಹಾರಾಯ. ವಾಸದ ಪರವಾನಗಿಯ ಅವಧಿ ಮುಗಿದಿದೆ, ಹೊಸದಕ್ಕೆ ಅರ್ಜಿ ಕೊಟ್ಟ ರಸೀದಿಯಷ್ಟೇ ಕೈಯಲ್ಲಿದೆ, ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುವ ಖಾತ್ರಿಯಿಲ್ಲ, ಆದರೂ ಜೂನ್ ಐದರ ಮದುವೆಗೆ ಬಂದೇ ತೀರುತ್ತೇನೆ ಎಂದು ಬರೆದೆಯಲ್ಲ, ಅದನ್ನು ಓದಿ ಅವ್ವ ಮೊದಲು ನಕ್ಕಳು, ಆಮೇಲೆ ಅತ್ತಳು. ನೀನು ಇಲ್ಲೇ ಸಿಕ್ಕಿಕೊಂಡರೆ ವೈನಿ, ಪುಟ್ಟಿ ಅಲ್ಲಿ ಯಾರ ಆಸರೆಯಲ್ಲಿರಬೇಕು? ಎಂಟು ವರ್ಷ ಬೆವರು ಸುರಿಸಿದ ಕೆಲಸದ ಗತಿಯೇನು? ಬರಬೇಡ ಎನ್ನೋಣವೆಂದರೆ, ಹಂದರದಲ್ಲಿ ಮದುಮಗನ ಕಿವಿ ಹಿಂಡಿ ತಂಗಿಯನ್ನು ಚೆನ್ನಾಗಿ ನೋಡಿಕೋ ಎನ್ನಲು ನನಗಿರುವ ಅಣ್ಣ ನೀನೊಬ್ಬನೇ. “ಭೀಮಗೊಂಡ ಅದಾನಲ್ಲ, ಅವನೂ ಅಣ್ಣನ ಸಮಾನ” ಎಂದರು ಅಪ್ಪ. ಚಿಕ್ಕಪ್ಪನ ಮಗನಾದ ಆ ಪೈಲವಾನನ ಬೆರಳುಗಳನ್ನು ನೀನು ಬಲ್ಲೆ. “ಅಂವ ಹಿಂಡಿದ್ರ ಅಳಿಯಾ ಒಂದ ಕಿವಿ ಹೊತ್ಕೊಂಡ ಊರಿಗೆ ಹೋಗ್ತಾನ” ಎಂದಳು ಅವ್ವ. ಹೋಗಲಿ, ಮುಹೂರ್ತ ಮುಂದೆ ಹಾಕಿ ಎಂದು ಹೆಣ್ಣಿನ ಕಡೆಯವರು ಬಾಯಿಬಿಟ್ಟು ಕೇಳುವುದುಂಟೇ? ಅಪ್ಪ ಪ್ರಾಣ ಹೋದರೂ ಕೇಳುವವರಲ್ಲ.

ಈಗ ಸಿಹಿ ಸುದ್ದಿ ಕೇಳು. ನಿನ್ನೆ ಸದಲಗಾದಿಂದ ಗಂಡಿನ ತಂದೆಯೇ ಬಂದಿದ್ದರು. ಮುಖದ ತುಂಬ ಸಂಕೋಚ. ಮನೆಯ ಮಾಳಿಗೆ ಕೆಲಸ ಮುಗಿದಿಲ್ಲವಂತೆ, ಅರೆಬರೆ ಮನೆಗೆ ಹೆಂಡತಿಯನ್ನು ಕರೆತರಲು ಮಗ ಶಾಂತಿನಾಥ (ಇನ್ನೂ ಆರು ತಿಂಗಳು ಈ ಹೆಸರು ಬರೆಯಲು ನನಗೆ ಅಡ್ಡಿಯಿಲ್ಲ) ಒಪ್ಪುತ್ತಿಲ್ಲವಂತೆ. “ದೀಪಾವಳಿ ಮುಗದ ಮ್ಯಾಲ ಇಟ್ಕೊಳ್ಳೂಣೇನ್ರಿ?” ಎಂದರು. ಈಗ ತಪ್ಪಿದರೆ ಚಾತುರ್ಮಾಸ ಕಳೆಯುವ ತನಕ ನಮ್ಮಲ್ಲಿ ಮದುವೆಯಿಲ್ಲವಲ್ಲ. ಅಪ್ಪ ಮೀಸೆ ಸವರಿ, ಬಹಳ ಕಷ್ಟದಿಂದ ಒಪ್ಪಿದವರಂತೆ “ನಿಮ್ಮ ಅಡಚಣಿ ನಮ್ದೂ ಅಲ್ಲೇನ್ರಿ” ಎಂದರು. ಬೀಗರು ಓಣಿ ದಾಟಿದ್ದೇ ತಡ, ಅಡುಗೆಮನೆಗೆ ಓಡಿಬಂದು ಬೆಲ್ಲ ಬಾಯಿಗೆ ಹಾಕಿಕೊಂಡರು! ಅವ್ವ ರವೆ, ಬೆಲ್ಲ ಹಾಕಿ ಸಜ್ಜಕ ಮಾಡಿದಳು. ನನಗೂ ಕುಣಿಯುವಷ್ಟು ಸಂತೋಷ, ಆದರೆ ಮದುವೆ ಮುಂದೆ ಹೋದ ಹುಡುಗಿ ನಗಬಾರದಂತೆ. ಅದಕ್ಕೆ ಹಿತ್ತಲಿಗೆ ಹೋಗಿ ನಕ್ಕು ಬಂದೆ.

ಅಪ್ಪ, ಅವ್ವ ನಿಮಗೆಲ್ಲ ಆಶೀರ್ವಾದ ತಿಳಿಸಿದ್ದಾರೆ. ವೈನಿಗೆ ನಮಸ್ಕಾರ, ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು.

ನಿನ್ನ ತಂಗಿ,
ಜಿನಮತಿ

ತಾ.ಕ.: ಅಪ್ಪ ಟಪಾಲಿಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮಾಳಿಗೆ ಕೆಲಸ ಹೋದ ವರ್ಷವೇ ಮುಗಿದಿದೆ. ಗೆಳತಿ ಮಂಗಲಳ ಕೈಯಲ್ಲಿ ಶಾಂತಿನಾಥರಿಗೆ ಚೀಟಿ ಕಳಿಸಿ, ನಿನ್ನ ವಿಷಯ ತಿಳಿಸಿ, ಮದುವೆ ಮುಂದೆ ಹಾಕಿರೆಂದು ಬೇಡಿಕೊಂಡವಳು ನಾನೇ. ಅಪ್ಪ ತಲೆತಗ್ಗಿಸಬಾರದೆಂದು ಆ ಮನೆಯವರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು ಬಂದರು. ಅಂಥವರ ಮನೆಗೆ ಹೋಗುತ್ತಿದ್ದೇನೆ ಅಣ್ಣಾ, ನನ್ನ ಚಿಂತೆ ಬಿಡು. ಇವತ್ತೇ ಟಿಕೆಟ್ ರದ್ದು ಮಾಡಿಸು. ಪರವಾನಗಿ ಕೈಗೆ ಬಂದ ಮೇಲೆ ಮೂವರೂ ಬನ್ನಿ.