ಕರಿ ತಂಡದ ಗೆಲುವು

ನಂಜನಗೂಡು,
9 ಏಪ್ರಿಲ್ 2006

ಲೇ ಮದನ,

ನೀನು, ಚೈತ್ರ, ನಿಮ್ಮಪ್ಪ, ನಿಮ್ಮಮ್ಮ ಎಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೀನಿ. ನಾನೂ ಅವ್ವನೂ ಚೆನ್ನಾಗಿದ್ದೀವಿ. ತಿ. ನರಸೀಪುರದಲ್ಲಿ ನೀನು ಕಟ್ಟಿಸಿದ ಮನೆಯ ಗೃಹಪ್ರವೇಶದ ಪತ್ರಿಕೆ ಬಂದು ಇಪ್ಪತ್ತು ದಿನ ಆಯ್ತು. ಉತ್ತರ ಬರೆಯಲಿಲ್ಲ. ಸಂಘದ ಕೆಲಸ, ಸ್ಕೂಲಿನ ಪರೀಕ್ಷೆ ಅಂತ ನೆಪ ಹೇಳಬಹುದು. ನಿನ್ನ ಹತ್ತಿರ ನೆಪ ಹೇಳಿ ನನಗೆ ಅಭ್ಯಾಸವಿಲ್ಲ. ನಿನ್ನ ಮೇಲೆ ಸಿಟ್ಟಿದೆ. ಆ ಸಿಟ್ಟನ್ನ ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಮನೆಯ ಪಾಯಸ ಉಣ್ಣೋ ಆಸಾಮಿ ನಾನಲ್ಲ. ಬರಬೇಕೋ ಬೇಡವೋ ಇನ್ನೂ ತೀರ್ಮಾನ ಆಗಿಲ್ಲ. ಫೋನಿನಲ್ಲಾದರೆ ಕೂಗಾಡಿಬಿಡ್ತೀನಿ, ಅದಕ್ಕೇ ಕಾಗದ.

ಅವ್ವನಿಗೆ ಇದೇನೂ ಗೊತ್ತಿಲ್ಲ. "ಮದ್ನನ ಮನೆ ಒಕ್ಕಲಿಗೆ ಯಾವ ಸೀರೆ ಉಟ್ಕಳ್ಳಲಾ?" ಅಂತ ದಿನಾ ಕೇಳ್ತಾಳೆ.

"ನೋಡಾನ ಸುಮ್ಕಿರವ್ವ" ಅಂದರೆ, "ನೋಡೋದೇನ್ಲಾ? ಆ ಮಗ ನನ್ ಕೈ ಮುದ್ದೆ ಉಂಡು ಬೆಳ್ದದ್ದು" ಅಂತಾಳೆ.

ಅವಳು ಹೇಳೋದು ನಿಜ. ನಮ್ಮೂರು ಹೆಡತಲೆಯಲ್ಲಿ ಆಗ ನಮಗೆ ಹದಿಮೂರು ವರ್ಷ. ತಾಂಡ್ಯದ ಫ್ಯಾಕ್ಟರಿಯಲ್ಲಿದ್ದ ಅಪ್ಪ, ಬೋನಸ್ ಬಂದ ವರ್ಷ ಮೈಸೂರಿನಿಂದ ವಿಡಿಯೋ ಗೇಮ್ ತಂದ. ಜೊತೆಗೆ ಒಂದೇ ಒಂದು ಕ್ಯಾಸೆಟ್ಟು, ಫುಟ್‌ಬಾಲಿನದು. ಇಡೀ ಊರಿನಲ್ಲಿ ಆ ಮಿಷನ್ ಇದ್ದದ್ದು ನಮ್ಮ ಕೇರಿಯಲ್ಲಿ, ನಮ್ಮ ಮನೆಯಲ್ಲಿ. ನಿಮ್ಮ ಬೀದಿಯ ಹುಡುಗರು ದೂರ ನಿಂತು ಇಣುಕುತ್ತಿದ್ದರು. ಒಳಗೆ ಬಂದು ಚಾಪೆಯ ಮೇಲೆ ಕೂತವನು ನೀನೊಬ್ಬ. ನೀರು ಕೇಳಿ ಕುಡಿದೆ. ಮುದ್ದೆ ಉಂಡೆ. ಅದು ಗೊತ್ತಾಗಿ ನಿಮ್ಮಪ್ಪ ನಿಮ್ಮ ಗೊಬ್ಬರದ ಅಂಗಡಿ ಮುಂದೆ, ಊರೆಲ್ಲ ನೋಡುವಂತೆ, ಬೆಲ್ಟ್ ಬಿಚ್ಚಿ ನಿನ್ನನ್ನ ಬಾರಿಸಿದರು. ಮುಂದಿನ ಭಾನುವಾರ ಬೆನ್ನಿನ ಬಾಸುಂಡೆ ಸಮೇತ ಬಂದು, "ಆಕ್ಲಾ ಸ್ವಿಚ್ಚು" ಅಂದೆ. ಅವ್ವ ಒಳಗೆ ಹೋಗಿ ಅತ್ತಳು.

ನಮ್ಮದು ಕಪ್ಪು-ಬಿಳುಪು ಟಿ.ವಿ. ಆಟದಲ್ಲಿ ಕೆಂಪು, ಹಸಿರು, ನೀಲಿ ಯಾವ ತಂಡ ಆರಿಸಿದರೂ ಇಪ್ಪತ್ತೆರಡು ಜನಕ್ಕೂ ಒಂದೇ ಬೂದಿ ಬಣ್ಣ. ನಿನ್ನವನಿಗೇ ನಾನು ಪಾಸ್ ಕೊಟ್ಟುಬಿಡ್ತಿದ್ದೆ.

"ಅವ್ನು ನಿಮ್ಮೋನೇನ್ಲಾ?" ಅಂತ ಕೇಳ್ತಿದ್ದೆ.

"ನಿಮ್ಮೋನೇ ಕಣ್ಲಾ. ನಮ್ಮೋರು ಅಂಗೆ ಕುಂಟ್ಕಂಡು ಓಡಕಿಲ್ಲ."

ವಾರವೆಲ್ಲ ಹುಡುಕಿ ಕೊನೆಗೆ ಒಂದು ಕರಿ ಅಂಗಿಯ ತಂಡ, ಒಂದು ಬಿಳಿ ಅಂಗಿಯ ತಂಡ ಪತ್ತೆ ಮಾಡಿದೆವು. ಕರಿ ನನ್ನದು, ನಮ್ಮ ಬಣ್ಣ ಅಂತ ಎದೆ ತಟ್ಟಿಕೊಂಡೆ. ಬೇಸಿಗೆಯಲ್ಲಿ ಅವ್ವ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಳು. ನಮಗಲ್ಲ, ಕಾದುಹೋದ ಅಡಾಪ್ಟರಿಗೆ.

ಹತ್ತು ಆಟ ಆಡಿದರೆ ಎಂಟು ನಾನು ಗೆಲ್ತಿದ್ದೆ. ನೀನು ಜಾಯ್‌ಸ್ಟಿಕ್ಕನ್ನ ಚಾಪೆಗೆ ಬಿಸಾಕಿ, "ನಿನ್ ಕೈ ಸೇದೋಗ" ಅಂತ ಬೈದು, ಮತ್ತೆ ಎತ್ತಿಕೊಳ್ತಿದ್ದೆ.

ನೇರ ಹೇಳ್ತೀನಿ. ಹೋಟೆಲಿನಲ್ಲಿ ನನಗೆ ಬೇರೆ ಲೋಟ ಇಟ್ಟಿದ್ದ ಊರು ಅದು. ಕಬಡ್ಡಿಯಲ್ಲಿ ನನ್ನನ್ನ ಮುಟ್ಟಬೇಕಾಗುತ್ತೆ ಅಂತ ಆಟಕ್ಕೇ ಸೇರಿಸಿಕೊಳ್ತಿರಲಿಲ್ಲ. ಅಂಥಾ ಊರಿನಲ್ಲಿ ಮೇಲಿನ ಬೀದಿಯವನ ಜೊತೆ ಸರಿಸಮ ಕೂತು ನಾನು ಗೆದ್ದದ್ದು ಆ ಚಾಪೆಯ ಮೇಲೆ. ಆಮೇಲೆ ಸಂಘಕ್ಕೆ ಬಂದೆ, ತಹಸೀಲ್ದಾರನ ಟೇಬಲ್ ಗುದ್ದಿ ಮಾತಾಡಿದೆ, ಎರಡು ದಿನ ಲಾಕಪ್ಪಿನಲ್ಲಿ ಕೂತೆ. ಆ ಧೈರ್ಯ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಶಿಬಿರಗಳಲ್ಲಿ ಹುಡುಗರಿಗೆ ಇದನ್ನೇ ಹೇಳ್ತೀನಿ, ನಿನ್ನ ಹೆಸರು ಹಿಡಿದೇ ಹೇಳ್ತೀನಿ: "ಸಮ ಆಟ ಸಿಕ್ಕರೆ ನಾವು ಗೆಲ್ತೀವಿ ಕಣ್ರೋ."

ಇರಲಿ. ಹೊಸ ಮನೆಯಲ್ಲಿ ನೀವಿಬ್ಬರೂ ನೂರು ಕಾಲ ಬಾಳಿ. ಆ ಮನೆಯ ಬಾಗಿಲು ಯಾರಿಗೂ ಮುಚ್ಚದಿರಲಿ. ನಿಮ್ಮಪ್ಪನ ಮಂಡಿನೋವು ಕಡಿಮೆಯಾಗಲಿ. ಅವರ ಮೇಲೆ ನನಗೀಗ ಸಿಟ್ಟಿಲ್ಲ. ಅವರು ಏನು ಮಾಡಿದರೂ ಎಲ್ಲರ ಎದುರಿಗೇ ಮಾಡಿದರು.

ಜೈಭೀಮ್.

ನಿನ್ನ,
ರವಿಕುಮಾರ

ತಾ.ಕ.: ಇದು ಮರೆತು ಬರೀತಿರೋದಲ್ಲ, ಮೇಲೆ ಬರೆಯೋಕೆ ಆಗದೆ ಉಳಿದದ್ದು. ಪತ್ರಿಕೆ ಬಂದ ದಿನವೇ ನಿನ್ನ ಮನೆಗೆ ಫೋನ್ ಮಾಡಿದ್ದೆ. ನೀನು ಅಂಗಡಿಯಲ್ಲಿದ್ದೆ, ಚೈತ್ರ ಎತ್ತಿಕೊಂಡಳು. "ರವಿಯಣ್ಣ, ನಿಮ್ಮ ಫುಟ್‌ಬಾಲ್ ಕತೆ ಎಲ್ಲ ನಮ್ಮನೆಯವ್ರು ಹೇಳವ್ರೆ" ಅಂತ ನಕ್ಕಳು. "ಇವ್ರು ಬೇಕಂತಲೇ ಸೋಲ್ತಿದ್ರಂತೆ. ಪಾಪ, ಅವ್ನಿಗೆ ಗೆಲ್ಲೋಕೆ ಬೇರೆ ಏನಿತ್ತು ಅಂತಾರೆ." ಗಂಡನ ದೊಡ್ಡತನ ಅಂದುಕೊಂಡೇ ಹೇಳಿದಳು, ಅವಳದೇನೂ ತಪ್ಪಿಲ್ಲ. ನಾನೂ ನಕ್ಕು ಫೋನ್ ಇಟ್ಟೆ.

ನನಗೆ ಬಿದ್ದ ಏಟನ್ನೆಲ್ಲ ತಿರುಗಿಸಿ ಕೊಟ್ಟಿದ್ದೀನಿ ಮದನ. ಈ "ಪಾಪ" ಅನ್ನೋದನ್ನ ಹೆಂಗೆ ತಿರುಗಿಸಿ ಕೊಡಲಿ? ನಮ್ಮ ಮನೆಯ ಅನ್ನ ಉಂಡೆ, ನಮ್ಮ ದೆಸೆಯಿಂದ ಏಟು ತಿಂದೆ. ನನ್ನನ್ನ ಎದುರಾಳಿ ಅಂತ ಮಾತ್ರ ಒಂದು ದಿನವೂ ಒಪ್ಪಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ಆ ಮಿಷನ್ನನ್ನ ಟ್ರಂಕಿನಲ್ಲಿಟ್ಟಿದ್ದಳು. ಮೊನ್ನೆ ತೆಗೆದು, ಕ್ಯಾಸೆಟ್ಟು ಊದಿ ಹಾಕಿದೆ. ನಡೀತದೆ. ಗೃಹಪ್ರವೇಶಕ್ಕೆ ಮುಂಚೆ ಒಂದು ಭಾನುವಾರ ಬಾ. ನಿನ್ನ ಶಕ್ತಿ ಇದ್ದಷ್ಟೂ ಆಡು. ಹತ್ತಕ್ಕೆ ಹತ್ತೂ ಸೋಲಿಸು, ನನ್ನ ಮುಖ ನೋಡಬೇಡ. ಸರಿಯಾಗಿ ಸೋತ ಮೇಲೆ, ಅವ್ವನನ್ನ ಕರಕೊಂಡು ನಿನ್ನ ಮನೆಗೆ ಬರ್ತೀನಿ.